ಸಚಿವರು ಉತ್ತರ ಕೊಡಲೇಬೇಕಾದ ಹೊತ್ತು: ಬಾಗಲಕೋಟೆ ಕಡೆಯಿಂದ ಮುಖ್ಯಾಂಶಗಳು

ಎಫ್‌ಡಿಎ, ಪಿಡಿಒ, ಕೆಎಎಸ್ ಪೂರ್ವಭಾವಿ ಯಾವುದೇ ಇರಲಿ, ಸಂವಿಧಾನದ ಭಾಗದಲ್ಲಿ ಪ್ರಶ್ನೋತ್ತರ ಕಲಾಪದ ಮೇಲೆ ಒಂದಾದರೂ ಪ್ರಶ್ನೆ ಬರುತ್ತದೆ ಎಂದುಕೊಂಡೇ ಓದಬೇಕು. ಹೆಚ್ಚಿನವರು ವಿಧಿಗಳ ಸಂಖ್ಯೆ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಹೇಳಿಕೆ ಒಂದು, ಹೇಳಿಕೆ ಎರಡು ಎಂದು ತಿರುಗಿಸಿ ಕೇಳಿದರೆ ಅಲ್ಲೇ ಎಡವುತ್ತಾರೆ. ಯಾರು, ಯಾರನ್ನು, ಯಾವ ಸದನದಲ್ಲಿ ಕೇಳಬಹುದು ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ನೆನಪಿರುತ್ತದೆ. ಅದಕ್ಕೇ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲನ್ನೇ ಉದಾಹರಣೆಯಾಗಿ ಹಿಡಿದಿದ್ದೇನೆ. ಊರಿನ ಹೆಸರಿನ ಜೊತೆ ಕಟ್ಟಿಕೊಂಡ ಅಂಕಿ ಬೇಗ ಮರೆಯುವುದಿಲ್ಲ.

ಇಲ್ಲಿಂದ ಕೇಳುವವರು ಯಾರು?

• ಬಾಗಲಕೋಟೆ ಜಿಲ್ಲೆ ಉದಯ: 1997ರ ಆಗಸ್ಟ್ 15, ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟು.
• ವಿಧಾನಸಭಾ ಕ್ಷೇತ್ರಗಳು 7: ಮುಧೋಳ (ಪರಿಶಿಷ್ಟ ಜಾತಿಗೆ ಮೀಸಲು), ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ. ಇಳಕಲ್ ಈಗ ತಾಲ್ಲೂಕು ಕೇಂದ್ರ, ಆದರೆ ಪ್ರತ್ಯೇಕ ಕ್ಷೇತ್ರವಲ್ಲ. ಅಲ್ಲಿನ ನೇಕಾರರ ಪ್ರಶ್ನೆಯನ್ನು ಸದನಕ್ಕೆ ಒಯ್ಯುವವರು ಹುನಗುಂದದ ಶಾಸಕರು.
• ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆ. ಎಂಟನೆಯದು ಗದಗ ಜಿಲ್ಲೆಯ ನರಗುಂದ. ‘ಜಿಲ್ಲೆಯಲ್ಲಿ ಏಳು, ಲೋಕಸಭಾ ಕ್ಷೇತ್ರದಲ್ಲಿ ಎಂಟು’ ಎಂದು ನೆನಪಿಟ್ಟುಕೊಳ್ಳಿ.
• 2023ರಲ್ಲಿ ಗೆದ್ದವರು: ಬಾದಾಮಿಯಲ್ಲಿ ಭೀಮಸೇನ ಚಿಮ್ಮನಕಟ್ಟಿ, ಹುನಗುಂದದಲ್ಲಿ ವಿಜಯಾನಂದ ಕಾಶಪ್ಪನವರ, ಬಾಗಲಕೋಟೆಯಲ್ಲಿ ಎಚ್.ವೈ. ಮೇಟಿ. ಮೇಟಿಯವರು 2025ರ ನವೆಂಬರ್‌ನಲ್ಲಿ ತೀರಿಕೊಂಡರು.
• ಲೋಕಸಭೆಯಲ್ಲಿ ಪಿ.ಸಿ. ಗದ್ದಿಗೌಡರ: 2004, 2009, 2014, 2019, 2024, ಒಟ್ಟು ಐದು ಸಲ ಗೆಲುವು. 17ನೇ ಲೋಕಸಭೆಯಲ್ಲಿ ಕೃಷಿ ಕುರಿತ ಸ್ಥಾಯಿ ಸಮಿತಿಯ ಅಧ್ಯಕ್ಷರು.
• ವಿಧಾನ ಪರಿಷತ್ತಿಗೆ ಇಲ್ಲಿನವರು ಮೂರು ದಾರಿಯಲ್ಲಿ ಮತ ಹಾಕುತ್ತಾರೆ: ವಿಜಯಪುರ–ಬಾಗಲಕೋಟೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರ (ಇಬ್ಬರು ಸದಸ್ಯರು), ವಾಯವ್ಯ ಪದವೀಧರ ಕ್ಷೇತ್ರ, ವಾಯವ್ಯ ಶಿಕ್ಷಕರ ಕ್ಷೇತ್ರ. ಪರಿಷತ್ತಿನ ಒಟ್ಟು ಬಲ 75, ವಿಧಾನಸಭೆಯದು 224.

ಈ ಕೊನೆಯ ಅಂಶದಲ್ಲಿ ಒಂದು ಬಲೆ ಇದೆ. ಅನುದಾನ ಬೇಡಿಕೆಗಳಿಗೆ ಮತ ಹಾಕುವ ಹಕ್ಕು ವಿಧಾನಸಭೆಗೆ ಮಾತ್ರ. ಧನ ವಿಧೇಯಕವನ್ನು ಪರಿಷತ್ತು 14 ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ (ವಿಧಿ 198). ಹಾಗೆಂದು ಖರ್ಚಿನ ಬಗ್ಗೆ ಪರಿಷತ್ ಸದಸ್ಯರು ಪ್ರಶ್ನೆ ಕೇಳುವಂತಿಲ್ಲ ಎಂದಲ್ಲ. ಧಾರಾಳವಾಗಿ ಕೇಳಬಹುದು. ಮತ ಹಾಕುವುದು ಬೇರೆ, ಲೆಕ್ಕ ಕೇಳುವುದು ಬೇರೆ.

ಕೇಳುವ ಸಾಲಿನಿಂದ ಉತ್ತರಿಸುವ ಸಾಲಿಗೆ

ಈ ನಾಲ್ಕು ಊರುಗಳ ರಾಜಕೀಯ ಇತಿಹಾಸದಲ್ಲಿ ಒಂದು ವಿಶೇಷವಿದೆ. ಇಲ್ಲಿ ಗೆದ್ದವರು, ಸೋತವರು ಇಬ್ಬರೂ ಸದನದ ಎರಡು ಕಡೆಯ ಕುರ್ಚಿಯನ್ನೂ ಕಂಡವರು.

ಎಸ್.ಆರ್. ಕಂಠಿ ಬಾದಾಮಿ ತಾಲ್ಲೂಕಿನ ಕೆರೂರಿನವರು. ಏಕೀಕರಣಕ್ಕೆ ಮುಂಚೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು, ನಮ್ಮ ಊರಿನ ಪ್ರಶ್ನೆಗಳೆಲ್ಲ ಮುಂಬೈ ಶಾಸನಸಭೆಗೆ ಹೋಗುತ್ತಿದ್ದವು. ಕಂಠಿಯವರು ಅಲ್ಲಿ ಉಪಸಭಾಧ್ಯಕ್ಷರಾಗಿದ್ದರು. 1956ರ ನವೆಂಬರ್ 1ರ ನಂತರ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿ 1962ರವರೆಗೆ ಇದ್ದರು. ಯಾವ ಪ್ರಶ್ನೆ ಸ್ವೀಕರಿಸಬೇಕು, ಯಾವುದನ್ನು ತಳ್ಳಬೇಕು ಎಂದು ತೀರ್ಮಾನಿಸುವ ಕುರ್ಚಿ ಅದು. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತಾಗ, ಹುನಗುಂದದಿಂದ ಗೆದ್ದಿದ್ದ ಕಂಠಿ ಮುಖ್ಯಮಂತ್ರಿಯಾದರು. 1962ರ ಮಾರ್ಚ್ 14ರಿಂದ ಜೂನ್ 20, ಅಂದರೆ ನೂರು ದಿನವೂ ತುಂಬಲಿಲ್ಲ. ನಿಜಲಿಂಗಪ್ಪ ಮತ್ತೆ ಸದನಕ್ಕೆ ಬಂದದ್ದು ಬಾಗಲಕೋಟೆ ಕ್ಷೇತ್ರದಿಂದ. ಕಂಠಿ ಕುರ್ಚಿ ಬಿಟ್ಟುಕೊಟ್ಟು ಅವರ ಸಂಪುಟದಲ್ಲೇ ಶಿಕ್ಷಣ ಸಚಿವರಾದರು. ಸಭಾಧ್ಯಕ್ಷ, ಮುಖ್ಯಮಂತ್ರಿ, ಸಚಿವ: ಮೂರೂ ಸ್ಥಾನ ಒಬ್ಬರೇ ಕಂಡ ಈ ಉದಾಹರಣೆಯನ್ನು ಪರೀಕ್ಷೆಯವರು ಎಷ್ಟು ಬಳಸಿಕೊಳ್ಳಬೇಕಿತ್ತೋ ಅಷ್ಟು ಬಳಸಿಕೊಂಡಿಲ್ಲ ಎನ್ನುವುದು ನನ್ನ ತಕರಾರು.

1980ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ವೀರೇಂದ್ರ ಪಾಟೀಲ ಗೆದ್ದು ಕೇಂದ್ರ ಸಚಿವರಾದರು. 1991ರಲ್ಲಿ ಇದೇ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆ ಸೋತರು. ಸೋಲಿಸಿದವರು ಜಮಖಂಡಿ ಕಡೆಯ ಸಿದ್ದು ನ್ಯಾಮಗೌಡ. ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ರೈತರ ದುಡ್ಡು, ರೈತರ ದುಡಿಮೆಯಿಂದಲೇ ಕಟ್ಟಿದ ಬ್ಯಾರೇಜಿನ (ಶ್ರಮಬಿಂದು ಸಾಗರ) ಮುಂದಾಳು ಅವರು. ದೆಹಲಿಗೆ ಹೋಗಿ ಕಲ್ಲಿದ್ದಲು ಖಾತೆಯ ಸಚಿವರಾದರು. ಸರ್ಕಾರದ ಖರ್ಚಿಗೆ ಕಾಯದೆ ಕಟ್ಟಿದ ಒಡ್ಡಿನ ಮೇಲೆ ನಿಂತು ಸಚಿವರಾದವರು ಬೇರೆ ಎಲ್ಲಿದ್ದಾರೋ!

ಇನ್ನು ಸಿದ್ದರಾಮಯ್ಯ. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತು, ಬಾದಾಮಿಯಲ್ಲಿ ಬಿ. ಶ್ರೀರಾಮುಲು ವಿರುದ್ಧ 1,696 ಮತಗಳಿಂದ ಗೆದ್ದರು. 2019ರ ಅಕ್ಟೋಬರ್‌ನಿಂದ ವಿರೋಧ ಪಕ್ಷದ ನಾಯಕರು. ಅಂದರೆ ಬಾದಾಮಿ ಶಾಸಕರಾಗಿದ್ದಷ್ಟು ಕಾಲದ ಬಹುಪಾಲು ಅವರು ಪ್ರಶ್ನೆ ಕೇಳುವವರು. ಅದಕ್ಕೆ ಮೊದಲೂ (2013–18) ನಂತರವೂ (2023ರ ಮೇ 20ರಿಂದ) ಹಣಕಾಸು ಖಾತೆ ಇಟ್ಟುಕೊಂಡ ಮುಖ್ಯಮಂತ್ರಿ, ಉತ್ತರಿಸುವವರು. 2025ರ ಮಾರ್ಚ್ 7ರಂದು ಅವರು ಮಂಡಿಸಿದ್ದು 16ನೇ ಬಜೆಟ್, ಗಾತ್ರ ₹4,09,549 ಕೋಟಿ. ಅವರು ದಾಟಿದ್ದು 13 ಬಜೆಟ್‌ಗಳ ದಾಖಲೆಯನ್ನು. ಆ ದಾಖಲೆ ಇದ್ದದ್ದು, ಬಾಗಲಕೋಟೆಯಲ್ಲಿ ಸೋತ ಅದೇ ರಾಮಕೃಷ್ಣ ಹೆಗಡೆಯವರ ಹೆಸರಿನಲ್ಲಿ.

ಕಲಾಪದ ನಿಯಮ, ಕೇಳಿಯೇ ಕೇಳುವ ಅಂಶಗಳು

• ಪ್ರಶ್ನೋತ್ತರ ಕಲಾಪದ ಹೆಸರು ಸಂವಿಧಾನದಲ್ಲಿ ಇಲ್ಲ. ಅದು ಸದನದ ಕಾರ್ಯವಿಧಾನ ನಿಯಮಗಳಲ್ಲಿದೆ. ಆ ನಿಯಮ ಮಾಡುವ ಅಧಿಕಾರ ಸಂಸತ್ತಿಗೆ ವಿಧಿ 118, ರಾಜ್ಯಕ್ಕೆ ವಿಧಿ 208. ಶೂನ್ಯ ವೇಳೆ ನಿಯಮಗಳಲ್ಲೂ ಇಲ್ಲ, ರೂಢಿಯಿಂದ ಬಂದದ್ದು, 1960ರ ದಶಕದ ಭಾರತೀಯ ಪದ್ಧತಿ.
• ಸಚಿವರು ಉತ್ತರಿಸಬೇಕಾದ ಹೊಣೆಯ ಬೇರು: ಕೇಂದ್ರದಲ್ಲಿ ವಿಧಿ 75(3), ರಾಜ್ಯದಲ್ಲಿ ವಿಧಿ 164(2). ಸಾಮೂಹಿಕ ಹೊಣೆ ಲೋಕಸಭೆಗೆ ಮತ್ತು ವಿಧಾನಸಭೆಗೆ. ರಾಜ್ಯಸಭೆಗೂ ಪರಿಷತ್ತಿಗೂ ಅಲ್ಲ.
• ವೇಳೆ: ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12. ರಾಜ್ಯಸಭೆಯಲ್ಲಿ 2014ರಿಂದ ಮಧ್ಯಾಹ್ನ 12ರಿಂದ 1.
• ಚುಕ್ಕೆ ಗುರುತಿನ ಪ್ರಶ್ನೆ: ಬಾಯಿಮಾತಿನ ಉತ್ತರ, ಉಪಪ್ರಶ್ನೆಗೆ ಅವಕಾಶ. ಲೋಕಸಭೆಯಲ್ಲಿ ದಿನಕ್ಕೆ 20, ರಾಜ್ಯಸಭೆಯಲ್ಲಿ 15.
• ಚುಕ್ಕೆ ಗುರುತಿಲ್ಲದ ಪ್ರಶ್ನೆ: ಲಿಖಿತ ಉತ್ತರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 230, ರಾಜ್ಯಸಭೆಯಲ್ಲಿ 160.
• ಕಾಗದದ ಬಣ್ಣ: ಚುಕ್ಕೆ ಗುರುತಿನದು ಹಸಿರು, ಗುರುತಿಲ್ಲದ್ದು ಬಿಳಿ, ಅಲ್ಪಾವಧಿ ಸೂಚನೆಯದು ತಿಳಿ ಗುಲಾಬಿ, ಖಾಸಗಿ ಸದಸ್ಯರಿಗೆ ಕೇಳುವುದು ಹಳದಿ.
• ನೋಟಿಸ್ ಕನಿಷ್ಠ 15 ದಿನ. ಅಲ್ಪಾವಧಿ ಪ್ರಶ್ನೆಗೆ 10 ದಿನಕ್ಕಿಂತ ಕಡಿಮೆ ಸಾಕು, ಆದರೆ ಸಚಿವರು ಒಪ್ಪಬೇಕು.
• ಲೋಕಸಭಾ ನಿಯಮ 55 ಅರ್ಧ ಗಂಟೆ ಚರ್ಚೆ, 56 ನಿಲುವಳಿ ಸೂಚನೆ, 193 ಅಲ್ಪಾವಧಿ ಚರ್ಚೆ, 197 ಗಮನ ಸೆಳೆಯುವ ಸೂಚನೆ.
• ಪ್ರಶ್ನೆ 150 ಪದ ಮೀರಬಾರದು. ಊಹೆಯ ಪ್ರಶ್ನೆ, ಅಭಿಪ್ರಾಯ ಕೇಳುವುದು, ಕೋರ್ಟಿನಲ್ಲಿರುವ ವಿಷಯ, ಸಂಪುಟದ ಗುಟ್ಟು ಇವೆಲ್ಲ ಸಲ್ಲವು. ಸ್ನೇಹದ ವಿದೇಶದ ಬಗ್ಗೆ ಅಗೌರವದ ಮಾತೂ ಪ್ರಶ್ನೆಯಲ್ಲಿ ಇರಬಾರದು.
• ರಾಷ್ಟ್ರಪತಿ ಆಳ್ವಿಕೆ ಇರುವ ರಾಜ್ಯದ ಕುರಿತು ಲೋಕಸಭೆಯಲ್ಲಿ ದಿನಕ್ಕೆ ಇನ್ನೂ 25 ಚುಕ್ಕೆ ಗುರುತಿಲ್ಲದ ಪ್ರಶ್ನೆ ಸೇರಬಹುದು.
• 2020ರ ಸೆಪ್ಟೆಂಬರ್‌ನ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ಪ್ರಶ್ನೋತ್ತರ ವೇಳೆ ಇರಲಿಲ್ಲ. ಲಿಖಿತ ಉತ್ತರಗಳು ಮಾತ್ರ ಬಂದವು.

ಇತಿಹಾಸ ಒಂದೇ ಉಸಿರಿನಲ್ಲಿ: ಬ್ರಿಟಿಷ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ದಾಖಲಾದ ಮೊದಲ ಪ್ರಶ್ನೆ 1721ರದು. ಭಾರತದಲ್ಲಿ ಪ್ರಶ್ನೆ ಕೇಳುವ, ಬಜೆಟ್ ಚರ್ಚಿಸುವ ಹಕ್ಕು ಕೊಟ್ಟದ್ದು 1892ರ ಕಾಯ್ದೆ. ಉಪಪ್ರಶ್ನೆ ಬಂದದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಎಲ್ಲ ಸದಸ್ಯರಿಗೂ ಸಿಕ್ಕಿದ್ದು 1919ರ ಕಾಯ್ದೆಯಿಂದ. ಹಳೆಯ ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರದು, ದಿವಾನ್ ರಂಗಾಚಾರ್ಲು ಕಾಲ. ನಮ್ಮ ಬಾಗಲಕೋಟೆ ಅದರ ವ್ಯಾಪ್ತಿಯಲ್ಲಿರಲಿಲ್ಲ.

ಉತ್ತರದ ಭಾಷೆ ಓದುವುದನ್ನು ಕಲಿಯಿರಿ

ಯಾವ ಗೈಡೂ ಹೇಳಿಕೊಡದ ಭಾಗವಿದು. ಕರ್ನಾಟಕ ವಿಧಾನಸಭೆಯ ಲಿಖಿತ ಉತ್ತರದ ಹಾಳೆ ನೋಡಿ. ಮೇಲೆ ಸದಸ್ಯರ ಹೆಸರು, ಉತ್ತರಿಸುವ ಸಚಿವರು, ದಿನಾಂಕ. ಕೆಳಗೆ ಎರಡು ಅಂಕಣ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ), (ಆ), (ಇ) ಎಂದು ತುಂಡು ತುಂಡು.

(ಅ)ದಲ್ಲಿ ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿರುತ್ತದೆ. ಉತ್ತರ ಒಂದೇ ಪದ: ‘ಬಂದಿದೆ’. ಶಾಲೆಯ ಗೋಡೆ ಬಿದ್ದದ್ದು, ಕಾಲುವೆ ಒಡೆದದ್ದು ಸರ್ಕಾರಕ್ಕೆ ಗೊತ್ತು ಎಂದು ಸಚಿವರು ಒಪ್ಪಿಕೊಂಡಂತಾಯಿತು. ಮುಂದೆ ಯಾರೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ‘ಬಂದಿರುವುದಿಲ್ಲ’ ಎಂದಿದ್ದರೆ (ಆ)ಗೆ ಉತ್ತರ ‘ಉದ್ಭವಿಸುವುದಿಲ್ಲ’. ಈ ‘ಉದ್ಭವಿಸುವುದಿಲ್ಲ’ ಎಷ್ಟು ಪ್ರಶ್ನೆಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ಅದಕ್ಕೇ ಅನುಭವಸ್ಥ ಶಾಸಕರು (ಅ) ಭಾಗವನ್ನು ಇಲ್ಲ ಎನ್ನಲಾಗದ ಹಾಗೆ ಕಟ್ಟುತ್ತಾರೆ.

(ಇ)ದಲ್ಲಿ ಹಣದ ಮಾತು. ಇಲ್ಲಿ ಮೂರು ಪದಗಳನ್ನು ಬೇರೆ ಬೇರೆಯಾಗಿ ಓದಬೇಕು: ಮಂಜೂರು, ಬಿಡುಗಡೆ, ವೆಚ್ಚ. ಕಾಗದದ ಮೇಲೆ ಮಂಜೂರಾದದ್ದು ಖಜಾನೆಯಿಂದ ಹೊರಟಿರಬೇಕೆಂದಿಲ್ಲ, ಹೊರಟದ್ದೆಲ್ಲ ಖರ್ಚಾಗಿರಬೇಕೆಂದೂ ಇಲ್ಲ. ಭಾಷಣದಲ್ಲಿ ಕೇಳುವುದು ಮೊದಲ ಅಂಕಿ, ಕಾಮಗಾರಿ ನಡೆಯುವುದು ಮೂರನೆಯ ಅಂಕಿಯಲ್ಲಿ. ‘ಆಡಳಿತಾತ್ಮಕ ಅನುಮೋದನೆ ನೀಡಲಾಗಿದೆ’ ಎಂದರೆ ಇನ್ನೂ ಟೆಂಡರ್ ಆಗಿಲ್ಲದಿರಬಹುದು. ‘ಆರ್ಥಿಕ ಇಲಾಖೆಯ ಸಹಮತಿ ನಿರೀಕ್ಷಿಸಲಾಗಿದೆ’ ಎಂದರೆ ಕಡತ ಇನ್ನೂ ಆ ಮೇಜಿನ ಮೇಲೇ ಇದೆ. ‘ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಲಾಗುವುದು’ ಎಂಬ ಸಾಲಿಗೆ ನಮ್ಮ ಕಡೆಯ ಹಿರಿಯರು ಕೊಡುವ ಅನುವಾದ ‘ನೋಡೂಣು ಬಿಡ್ರಿ’.

ಆದರೆ ‘ಪರಿಶೀಲಿಸಲಾಗುವುದು’ ಎಂಬುದಕ್ಕೂ ಬೆಲೆ ಇದೆ. ಅದು ಭರವಸೆ. ಸದನದಲ್ಲಿ ಸಚಿವರು ಕೊಟ್ಟ ಭರವಸೆ ಈಡೇರಿತೇ ಎಂದು ಬೆನ್ನು ಹತ್ತುವುದು ಸರ್ಕಾರಿ ಭರವಸೆಗಳ ಸಮಿತಿ. ಲೋಕಸಭೆಯಲ್ಲಿ ಈ ಸಮಿತಿ 1953ರದು, 15 ಸದಸ್ಯರು, ರಾಜ್ಯಸಭೆಯಲ್ಲಿ 10. ಭರವಸೆ ಈಡೇರಿಸಲು ಸಾಮಾನ್ಯ ಗಡುವು 3 ತಿಂಗಳು. ಕರ್ನಾಟಕದ ಎರಡೂ ಸದನಗಳಲ್ಲಿ ಇಂಥ ಸಮಿತಿಗಳಿವೆ.

ಖರ್ಚಿನ ಲೆಕ್ಕ

ರಾಜ್ಯ ಬಜೆಟ್ಟಿನ ವಿಧಿಗಳು ಕೇಂದ್ರದ ವಿಧಿಗಳಿಗೆ 90 ಕೂಡಿಸಿದರೆ ಸಿಗುತ್ತವೆ:

ವಾರ್ಷಿಕ ಹಣಕಾಸು ವಿವರಣ ಪಟ್ಟಿ: 112 – 202
ಅನುದಾನ ಬೇಡಿಕೆ: 113 – 203
ಧನವಿನಿಯೋಗ ವಿಧೇಯಕ: 114 – 204
ಪೂರಕ ಅಂದಾಜು: 115 – 205
ಲೇಖಾನುದಾನ: 116 – 206

ಸಂಚಿತ ನಿಧಿ 266, ಸಾದಿಲ್ವಾರು ನಿಧಿ 267 ಎರಡಕ್ಕೂ ಸಮಾನ, 90 ಕೂಡಿಸಬೇಡಿ. ಮಹಾಲೇಖಪಾಲರ ವರದಿ: ಕೇಂದ್ರದ್ದು ರಾಷ್ಟ್ರಪತಿಗೆ 151(1), ರಾಜ್ಯದ್ದು ರಾಜ್ಯಪಾಲರಿಗೆ 151(2). ಅದನ್ನು ಪರಿಶೀಲಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ: ಸಂಸತ್ತಿನಲ್ಲಿ 22 ಸದಸ್ಯರು (15+7), ಮೊದಲು ರಚನೆ 1921, ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿ 1967ರಿಂದ. ಕಡಿತ ಸೂಚನೆಗಳಲ್ಲಿ ನೀತಿ ಕಡಿತ ₹1ಕ್ಕೆ ಇಳಿಸುವುದು, ಸಾಂಕೇತಿಕ ಕಡಿತ ₹100 ಕಳೆಯುವುದು.

ಉತ್ತರದ ಅನುಬಂಧದಲ್ಲಿ ಲೆಕ್ಕಶೀರ್ಷಿಕೆ ಕಂಡರೆ ಮೊದಲ ಅಂಕಿ ನೋಡಿ: 2 ಅಥವಾ 3 ಎಂದರೆ ರಾಜಸ್ವ ವೆಚ್ಚ, 4 ಅಥವಾ 5 ಎಂದರೆ ಬಂಡವಾಳ ವೆಚ್ಚ, 6 ಅಥವಾ 7 ಸಾಲ. 3054 ಎಂದರೆ ರಸ್ತೆ–ಸೇತುವೆಗಳ ನಿರ್ವಹಣೆ, 5054 ಎಂದರೆ ಹೊಸ ರಸ್ತೆ. ‘ರಸ್ತೆಗೆ ಹಣ ಬಂದಿದೆ’ ಎಂದವರನ್ನು ‘ಯಾವ ಶೀರ್ಷಿಕೆಯಲ್ಲಿ?’ ಎಂದು ಕೇಳಿ ನೋಡಿ, ಗುಂಡಿ ಮುಚ್ಚಲೋ ಹೊಸದಾಗಿ ಹಾಸಲೋ ಅಲ್ಲೇ ಗೊತ್ತಾಗುತ್ತದೆ.

ಕೃಷ್ಣಾ ಮೇಲ್ದಂಡೆ: ಈ ಜಿಲ್ಲೆಯ ಮಟ್ಟಿಗೆ ಸಾರ್ವಜನಿಕ ಖರ್ಚೆಂದರೆ ಇದೇ. ಆಲಮಟ್ಟಿ ಅಣೆಕಟ್ಟು ಇರುವುದು ವಿಜಯಪುರ ಜಿಲ್ಲೆಯಲ್ಲಿ, ಹಿನ್ನೀರು ನುಂಗಿದ್ದು ಬಾಗಲಕೋಟೆ ಊರನ್ನು. ಮುಳುಗುವ ಊರಿಗೆ ಬದಲು ನವನಗರ ಕಟ್ಟಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1983ರಲ್ಲಿ ಬಂತು. ಅಣೆಕಟ್ಟಿನ ಎತ್ತರ 519.60 ಮೀಟರ್, ಇದನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ ತೀರ್ಪಿನಲ್ಲಿ ಒಪ್ಪಿತು, 2013ರಲ್ಲಿ ಅಂತಿಮ ವರದಿ ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯ ಇರುವುದರಿಂದ 2025ರ ಕೊನೆಯವರೆಗೂ ಆ ತೀರ್ಪಿನ ಗೆಜೆಟ್ ಅಧಿಸೂಚನೆ ಹೊರಬಂದಿರಲಿಲ್ಲ. ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ಜಮೀನು 75 ಸಾವಿರ ಎಕರೆಗೂ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ ₹40 ಲಕ್ಷ, ಒಣಬೇಸಾಯದ ಜಮೀನಿಗೆ ₹30 ಲಕ್ಷ ಪರಿಹಾರ ನಿಗದಿ ಮಾಡಿತು.

ಒಂದೇ ಯೋಜನೆ, ಆದರೆ ಪ್ರಶ್ನೆ ಎರಡು ಕಡೆ ಹೋಗಬೇಕು. ಪರಿಹಾರ, ಪುನರ್ವಸತಿ, ಕಾಲುವೆ ಎಂದರೆ ರಾಜ್ಯ ಪಟ್ಟಿಯ 17ನೇ ನಮೂದು, ಉತ್ತರಿಸುವವರು ರಾಜ್ಯದ ಜಲಸಂಪನ್ಮೂಲ ಮತ್ತು ಕಂದಾಯ ಸಚಿವರು. ಅಧಿಸೂಚನೆ ಯಾಕೆ ಆಗಿಲ್ಲ ಎಂದರೆ ಕೇಂದ್ರ ಪಟ್ಟಿಯ 56ನೇ ನಮೂದು, ವಿಧಿ 262 ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, ಉತ್ತರಿಸುವವರು ಕೇಂದ್ರ ಜಲಶಕ್ತಿ ಸಚಿವರು. ಬಾಗಲಕೋಟೆ–ಕುಡಚಿ ರೈಲು ಮಾರ್ಗದ (142 ಕಿ.ಮೀ., 2010–11ರ ರೈಲ್ವೆ ಬಜೆಟ್) ಕಥೆಯೂ ಹೀಗೇ. ವೆಚ್ಚ ಕೇಂದ್ರ–ರಾಜ್ಯ 50:50. ಹಳಿಯ ಪ್ರಶ್ನೆ ದೆಹಲಿಗೆ, ಭೂಸ್ವಾಧೀನದ ಪ್ರಶ್ನೆ ಬೆಂಗಳೂರಿಗೋ ಬೆಳಗಾವಿಗೋ. ಎರಡೂ ಕಡೆ ‘ಅವರನ್ನು ಕೇಳಿ’ ಎಂಬ ಉತ್ತರ ಸಿಗುವ ಅಪಾಯವಿದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ತೆರಿಗೆ ಪಾಲಿನ ಜಗಳ: 14ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713, 15ನೆಯದರಲ್ಲಿ ಶೇ 3.647. ಇದರ ವಿರುದ್ಧ 2024ರ ಫೆಬ್ರುವರಿ 7ರಂದು ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. 2023ರ ಬರದಲ್ಲಿ 236ರ ಪೈಕಿ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಿತ್ತು. ರಾಜ್ಯ ಕೇಳಿದ್ದು ₹18,171 ಕೋಟಿ. ವಿಧಿ 32ರ ಅಡಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು ₹3,454 ಕೋಟಿ. ಇದಕ್ಕೆಲ್ಲ ಸಂಸತ್ತಿನಲ್ಲಿ ಉತ್ತರಿಸಿದವರು ನಿರ್ಮಲಾ ಸೀತಾರಾಮನ್, 2016ರಿಂದ ಕರ್ನಾಟಕದಿಂದಲೇ ರಾಜ್ಯಸಭೆಗೆ ಆರಿಸಿ ಹೋದವರು. ರಾಜ್ಯಸಭೆಯವರು ಲೋಕಸಭೆಯಲ್ಲಿ ಬಜೆಟ್ ಹೇಗೆ ಮಂಡಿಸುತ್ತಾರೆ? ವಿಧಿ 88: ಸಚಿವರು ಎರಡೂ ಸದನಗಳಲ್ಲಿ ಮಾತಾಡಬಹುದು, ಸದಸ್ಯರಲ್ಲದ ಸದನದಲ್ಲಿ ಮತ ಹಾಕುವಂತಿಲ್ಲ. ರಾಜ್ಯಕ್ಕೆ ಇದರ ಜೋಡಿ ವಿಧಿ 177.

ವಿದೇಶಾಂಗ: ಬಾದಾಮಿ ಶಾಸಕರು ಕೇಳಿದ್ದು, ದೆಹಲಿ ಸಚಿವರು ಉತ್ತರಿಸಿದ್ದು

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾಯಿತು. ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದರು. ಏಪ್ರಿಲ್ 18ರಂದು ಸಿದ್ದರಾಮಯ್ಯ, ಆಗಿನ್ನೂ ಬಾದಾಮಿ ಶಾಸಕರು, 31 ಮಂದಿ ಊಟ ನೀರಿಲ್ಲದೆ ಸಿಲುಕಿದ್ದಾರೆ, ಕರೆತನ್ನಿ ಎಂದು ಟ್ವಿಟರ್‌ನಲ್ಲಿ ಬರೆದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದೇ ದಿನ ಅಲ್ಲೇ ಖಾರವಾಗಿ ಉತ್ತರಿಸಿದರು: ಜೀವಗಳ ಪ್ರಶ್ನೆ, ರಾಜಕೀಯ ಬೇಡ, ರಾಯಭಾರ ಕಚೇರಿ ಸಂಪರ್ಕದಲ್ಲಿದೆ ಎಂದು. ರಾಜ್ಯದಲ್ಲಿ ಚುನಾವಣೆಯ ಹೊತ್ತು ಬೇರೆ. ಕೆಲವೇ ದಿನಗಳಲ್ಲಿ ಆಪರೇಷನ್ ಕಾವೇರಿ ಶುರುವಾಗಿ ಒಟ್ಟು 3,862 ಜನರನ್ನು ಅಲ್ಲಿಂದ ಹೊರತಂದಿತು. ಕಾರ್ಯಾಚರಣೆಗೆ ನಮ್ಮ ನದಿಯ ಹೆಸರು, ಇದು ನೆನಪಿರಲಿ.

ಈ ಮಾತುಕತೆ ಪ್ರಶ್ನೋತ್ತರವಾಗಿ ಕಂಡರೂ ಸದನದ ಪ್ರಶ್ನೆಯಲ್ಲ. ಶಾಸಕರು ಕೇಂದ್ರ ಸಚಿವರಿಗೆ ಸದನದಲ್ಲಿ ಪ್ರಶ್ನೆ ಕೇಳಲು ದಾರಿಯೇ ಇಲ್ಲ. ವಿಧಾನಸಭೆಯಲ್ಲಿ ಉತ್ತರಿಸುವವರು ರಾಜ್ಯದ ಸಚಿವರು ಮಾತ್ರ, ವಿದೇಶಾಂಗ ಅವರ ಖಾತೆಯಲ್ಲ. ಟ್ವಿಟರ್ ಉತ್ತರಕ್ಕೆ ಭರವಸೆಗಳ ಸಮಿತಿ ಇಲ್ಲ, ಉಪಪ್ರಶ್ನೆಯ ಹಕ್ಕಿಲ್ಲ, ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯೂ ಇಲ್ಲ. ಜನರಿಗೆ ಉತ್ತರ ಬೇಗ ಸಿಕ್ಕಿತು, ಸದನದ ದಾಖಲೆಗೆ ಏನೂ ಸೇರಲಿಲ್ಲ. ಇದು ಲಾಭವೋ ನಷ್ಟವೋ ಎಂದು ಮುಖ್ಯ ಪರೀಕ್ಷೆಯಲ್ಲಿ ಕೇಳಿದರೆ ನಾನಂತೂ ನಷ್ಟ ಎಂದೇ ಬರೆಯುತ್ತೇನೆ.

ಇದಕ್ಕೆ ಎದುರಾಗಿ ಉಕ್ರೇನ್ ಪ್ರಸಂಗ ನೋಡಿ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮಾರ್ಚ್ 15ರಂದು ಜೈಶಂಕರ್ ಸಂಸತ್ತಿನಲ್ಲಿ ತಾವಾಗಿಯೇ ಹೇಳಿಕೆ ಕೊಟ್ಟರು: ಆಪರೇಷನ್ ಗಂಗಾ, 90 ವಿಮಾನ ಹಾರಾಟ, ವಾಪಸಾದವರು ಸುಮಾರು 22,500. ಸಚಿವರ ಇಂಥ ಹೇಳಿಕೆಗೆ ಲೋಕಸಭಾ ನಿಯಮ 372. ಹೇಳಿಕೆಯ ಹೊತ್ತಿನಲ್ಲಿ ಪ್ರಶ್ನೆ ಕೇಳುವಂತಿಲ್ಲ. ರಾಜ್ಯಸಭೆಯಲ್ಲಿ ಸ್ಪಷ್ಟೀಕರಣ ಕೇಳುವ ರೂಢಿ ಇದೆ.

• ಏಳನೇ ಅನುಸೂಚಿ, ಕೇಂದ್ರ ಪಟ್ಟಿ: 10 ವಿದೇಶಾಂಗ ವ್ಯವಹಾರ, 12 ವಿಶ್ವಸಂಸ್ಥೆ, 14 ಒಪ್ಪಂದಗಳು, 19 ಪಾಸ್‌ಪೋರ್ಟ್–ವೀಸಾ, 41 ವಿದೇಶ ವ್ಯಾಪಾರ. ಒಪ್ಪಂದ ಜಾರಿಗೆ ಕಾನೂನು ಮಾಡುವುದು ವಿಧಿ 253, ರಾಜ್ಯದ ವಿಷಯದಲ್ಲೂ ಸಂಸತ್ತಿಗೇ ಅಧಿಕಾರ.
• ವಿದೇಶಾಂಗ ಸಚಿವಾಲಯದ 2025–26ರ ಬಜೆಟ್ ₹20,516 ಕೋಟಿ; ಅದೇ ವರ್ಷದ ಕೇಂದ್ರ ಬಜೆಟ್ ₹50.65 ಲಕ್ಷ ಕೋಟಿ. ನೆರವಿನಲ್ಲಿ ದೊಡ್ಡ ಪಾಲು ಭೂತಾನ್‌ಗೆ, ₹2,150 ಕೋಟಿ. ಲೆಕ್ಕಶೀರ್ಷಿಕೆ 2061 ವಿದೇಶಾಂಗ ವ್ಯವಹಾರ, 3605 ಇತರ ದೇಶಗಳೊಂದಿಗೆ ತಾಂತ್ರಿಕ–ಆರ್ಥಿಕ ಸಹಕಾರ.
• ಕರ್ನಾಟಕದ ಮಾಜಿ ಮುಖ್ಯಮಂತ್ರಿ ವಿದೇಶಾಂಗ ಸಚಿವರಾದದ್ದು: ಎಸ್.ಎಂ. ಕೃಷ್ಣ, 2009–2012.
• ವಿದೇಶಾಂಗ ಸ್ಥಾಯಿ ಸಮಿತಿ 31 ಸದಸ್ಯರು (21+10).

ಬಲೆಗೆ ಬೀಳಬೇಡಿ. ಪಟ್ಟದಕಲ್ಲು ಯುನೆಸ್ಕೊ ವಿಶ್ವ ಪರಂಪರೆ ತಾಣ (1987), ಆದರೆ ಅದರ ಪ್ರಶ್ನೆಗೆ ಉತ್ತರಿಸುವುದು ಸಂಸ್ಕೃತಿ ಸಚಿವಾಲಯ. ಇಳಕಲ್ ಸೀರೆಯ ಭೌಗೋಳಿಕ ಗುರುತಿನ ಪ್ರಶ್ನೆ ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯಕ್ಕೆ. ನೇಕಾರರ ಸಾಲ, ಮಗ್ಗದ ಸಹಾಯಧನ ಎಂದರೆ ಜವಳಿ ಇಲಾಖೆಗೆ. ಇಳಕಲ್ಲಿನ ಕೆಂಪು ಗ್ರಾನೈಟ್ ರಫ್ತಾದರೆ ವಾಣಿಜ್ಯ ಸಚಿವಾಲಯ, ಕ್ವಾರಿಯ ರಾಜಧನ ಎಂದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ‘ವಿದೇಶ’ ಎಂಬ ಪದ ಕಂಡ ಕೂಡಲೇ ವಿದೇಶಾಂಗ ಸಚಿವಾಲಯ ಎಂದು ಗುರುತು ಹಾಕಬೇಡಿ.

ಹಾಗೆ ನೋಡಿದರೆ ಈ ಸೀಮೆಗೆ ವಿದೇಶಾಂಗ ಹೊಸದಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿಗೂ ಪರ್ಷಿಯಾದ ಎರಡನೇ ಖುಸ್ರೋಗೂ ದೂತರ ಓಡಾಟವಿದ್ದುದನ್ನು ಅರಬ್ಬಿ ಭಾಷೆಯಲ್ಲಿ ಬರೆದ ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಹುನಗುಂದ ತಾಲ್ಲೂಕಿನ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ ಶಾಸನ ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕಿದೆ, ಕಾಲ ಕ್ರಿ.ಶ. 1088. ಖರ್ಚಿನ ಲೆಕ್ಕವೂ ಹೊಸದಲ್ಲ: ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣ ಬಿಜ್ಜಳನ ಭಂಡಾರಿ. ಬೊಕ್ಕಸದ ಹಣ ಜಂಗಮರಿಗೆ ಸುರಿದರೆಂಬ ದೂರು ಬಂದಾಗ ಲೆಕ್ಕ ಒಪ್ಪಿಸಿದರೆಂಬುದು ಶರಣ ಪರಂಪರೆಯ ಕಥೆ. ಅವರ ಪ್ರತಿಮೆ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡಿತು.

ಪ್ರಶ್ನೆಯ ಬಲ, ಪ್ರಶ್ನೆಯ ಬೆಲೆ

1957ರಲ್ಲಿ ಜೀವವಿಮಾ ನಿಗಮ ಹರಿದಾಸ್ ಮುಂಧ್ರಾ ಕಂಪನಿಗಳಲ್ಲಿ ₹1.24 ಕೋಟಿ ಹೂಡಿದ್ದನ್ನು ಲೋಕಸಭೆಯಲ್ಲಿ ಎತ್ತಿದವರು ಆಡಳಿತ ಪಕ್ಷದ್ದೇ ಸದಸ್ಯ ಫಿರೋಜ್ ಗಾಂಧಿ. ಛಾಗ್ಲಾ ಆಯೋಗ ಕೂತಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳುವ ಹಕ್ಕನ್ನೇ ದುಡ್ಡಿಗೆ ಮಾರಿದ ಪ್ರಕರಣದಲ್ಲಿ 2005ರ ಡಿಸೆಂಬರ್ 23ರಂದು 11 ಸಂಸದರು (ಲೋಕಸಭೆ 10, ರಾಜ್ಯಸಭೆ 1) ಉಚ್ಚಾಟನೆಗೊಂಡರು.

ಕೊನೇ ಗಳಿಗೆಯಲ್ಲಿ ಕಣ್ಣಾಡಿಸಲು

20 ಮತ್ತು 230 ಲೋಕಸಭೆ, 15 ಮತ್ತು 160 ರಾಜ್ಯಸಭೆ. 75(3) ಕೇಂದ್ರ, 164(2) ರಾಜ್ಯ. 118 ಸಂಸತ್ತಿನ ನಿಯಮ, 208 ರಾಜ್ಯದ ನಿಯಮ. 88 ಮತ್ತು 177 ಸಚಿವರ ಮಾತಿನ ಹಕ್ಕು. 519.60 ಈಗಿನ ಎತ್ತರ, 524.256 ಒಪ್ಪಿಗೆ ಸಿಕ್ಕ ಎತ್ತರ. ಜಿಲ್ಲೆ 7, ಲೋಕಸಭಾ ಕ್ಷೇತ್ರ 8. ಕಂಠಿ ಹುನಗುಂದ, ನಿಜಲಿಂಗಪ್ಪ ಬಾಗಲಕೋಟೆ, ಸಿದ್ದರಾಮಯ್ಯ ಬಾದಾಮಿ.

ಇಷ್ಟು ಓದಿ ಪುಸ್ತಕ ಮಡಚುವ ಮುಂಚೆ ಒಂದು ಕೆಲಸ ಮಾಡಿ. ವಿಧಾನಸಭೆಯ ಜಾಲತಾಣದಲ್ಲಿ ನಿಮ್ಮ ತಾಲ್ಲೂಕಿನ ಹೆಸರಿರುವ ಒಂದು ಲಿಖಿತ ಉತ್ತರ ಹುಡುಕಿ, (ಅ)ದಿಂದ ಅನುಬಂಧದವರೆಗೆ ಪೂರ್ತಿ ಓದಿ. ಮಂಜೂರು, ಬಿಡುಗಡೆ, ವೆಚ್ಚ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.